ಕಲ್ಲು ಬೆಂಚಿನ ವ್ಯಾಪಾರ

ಟವಲ್ ಮತ್ತೆ ಅಲುಗಿತು. ನಗರಸಭೆಯ ಎಂಜಿನಿಯರ್ ಜಯಕುಮಾರ್ ಗಡಿಯಾರ ನೋಡಿ ಬರೆದುಕೊಂಡ: ಐದು ಇಪ್ಪತ್ತು.

ಪಾರ್ಕಿನ ನಡುವಿನ ಕಲ್ಲು ಬೆಂಚಿನ ಮೇಲೆ ಇಬ್ಬರು ಮುದುಕರು ಎದುರುಬದುರು ತಿರುಗಿ ಕೂತಿದ್ದರು. ನಡುವೆ ಕೆಂಪು ಚೌಕಳಿ ಟವಲ್. ಇಬ್ಬರ ಬಲಗೈಯೂ ಅದರ ಕೆಳಗೆ. ಮಾತಿಲ್ಲ. ಒಬ್ಬರು ತಲೆ ಅಡ್ಡಡ್ಡ ಆಡಿಸಿದರೆ ಇನ್ನೊಬ್ಬರು ನಿಟ್ಟುಸಿರು ಬಿಡುತ್ತಿದ್ದರು.

ನಗರಸಭೆಗೆ ದೂರು ಬಂದದ್ದು ಇದರ ಮೇಲೆಯೇ. ‘ಪಾರ್ಕಿನ ಕಲ್ಲಿನ ಮೇಲೆ ಇಬ್ಬರು ವೃದ್ಧರು ಟವಲಿನ ಕೆಳಗೆ ಗುಪ್ತ ವ್ಯವಹಾರ ನಡೆಸುತ್ತಿದ್ದಾರೆ. ಎಂಜಿನಿಯರ್ ಅವರು ಖುದ್ದಾಗಿ ಮೂರು ಸಂಜೆ ಸ್ಥಳಕ್ಕೆ ಬಂದು ಪರಿಶೀಲಿಸತಕ್ಕದ್ದು.’ ಕೆಳಗೆ ‘ಸಾರ್ವಜನಿಕರು’ ಎಂದಿತ್ತು. ಸಾರ್ವಜನಿಕರ ಅಕ್ಷರ ದುಂಡಗಿತ್ತು.

ರಾಮನಗರ ಜಿಲ್ಲೆಯಾದ ವರ್ಷ ಅದು. ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಇಬ್ಬರು ಗುಟ್ಟಾಗಿ ಸೇರಿದರೆ ಅದು ಸೈಟಿನ ಮಾತೇ. ಪಾರ್ಕನ್ನೇ ಯಾರಿಗಾದರೂ ಮಾರುತ್ತಿರಬಹುದು ಎಂದು ಜಯಕುಮಾರ್ ಅನುಮಾನಿಸಿದ.

ಮೊದಲು ಅದು ದನದ ಸಂತೆಯ ಮೈದಾನ. ಈಗ ಪಾರ್ಕು, ಅದನ್ನು ಸುಧಾರಿಸುವ ನಕ್ಷೆ ಅವನದೇ. ಮಕ್ಕಳಿಗೆ ಜಾರುಬಂಡೆ, ಉಳಿದವರಿಗೆ ವಾಕಿಂಗ್ ಪಥ, ಒಬ್ಬೊಬ್ಬರೇ ಕೂರುವ ಸ್ಟೀಲ್ ಕುರ್ಚಿಗಳು. ನಕ್ಷೆಯಲ್ಲಿ ಪಥ ನೇರವಾಗಿ ಆ ಕಲ್ಲಿನ ಮೇಲೆಯೇ ಹಾದುಹೋಗಿತ್ತು. ಸೋಮವಾರ ಸಭೆ ಒಪ್ಪಿದರೆ ಮಂಗಳವಾರ ಕಲ್ಲು ಏಳುತ್ತದೆ.

ಮೊದಲ ಸಂಜೆ ಅವನು ಟೇಪು ಹಿಡಿದು ಪಥ ಬರಬೇಕಾದ ಜಾಗದ ಉದ್ದಕ್ಕೂ ನಡೆದ. ಮುದುಕರು ಅವನನ್ನೇ ನೋಡಿದರು. ಬಳಕೆದಾರರ ಪಟ್ಟಿ ಮಾಡಿದ: ವೃದ್ಧರು ಎರಡು, ಕ್ಯಾನ್ವಾಸ್ ಶೂ ಹಾಕಿ ಸುತ್ತು ಹೊಡೆಯುವ ಮಹಿಳೆ ಒಂದು, ನಾಯಿ ಮೂರು. ಮಹಿಳೆ ಕಲ್ಲಿನ ಹತ್ತಿರ ಬಂದಾಗಲೆಲ್ಲ ನಿಧಾನವಾಗುತ್ತಿದ್ದಳು. ‘ಇಲ್ಲಿ ಜಾಗ ಕಿರಿದು’ ಎಂದು ಷರಾ ಬರೆದ.

ಎರಡನೆಯ ಸಂಜೆ ಮುದುಕರೇ ಕರೆದು ಕಬ್ಬಿನ ತುಂಡು ಕೊಟ್ಟರು. ಹಲ್ಲಿನಲ್ಲೇ ಸಿಗಿದು ತಿನ್ನಬೇಕಾದ ಕಬ್ಬು. ಅವನು ತಿನ್ನುವವರೆಗೂ ಕಾದು ತಮ್ಮ ಪರಿಚಯ ಹೇಳಿದರು. ಬೋರಲಿಂಗಯ್ಯ, ಪೀರ್ ಸಾಬ್. ಇಬ್ಬರೂ ಸಂತೆಯ ಕಾಲದ ದಳ್ಳಾಳಿಗಳು. ಅವನನ್ನು ಯಾವೂರು, ಯಾರ ಮಗ ಎಂದು ಕೇಳಲಿಲ್ಲ. ಈ ಸೀಮೆಯ ಮುದುಕರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಜಯಕುಮಾರನಿಗೆ ಆ ಮೌನ ಹಿಡಿಸಿತು.

“ಸೈಟಿನ ವ್ಯಾಪಾರವಾ?” ಎಂದು ನೇರವಾಗಿ ಕೇಳಿದ.

“ಸೈಟಿಗ್ಯಾಕೆ ಸ್ವಾಮಿ ಟವಲ್ಲು?” ಎಂದರು ಪೀರ್ ಸಾಬ್. “ಅದನ್ನ ಬೋರ್ಡ್ ಹಾಕ್ಕಂಡೇ ಮಾರ್ತಾರೆ. ಇದು ಎತ್ತು.”

ಜಯಕುಮಾರನಿಗೆ ಬೈರಾಪಟ್ಟಣದ ತನ್ನ ಅಪ್ಪನ ನೆನಪಾಯಿತು. ಮಾತು ಕಡಿಮೆ. ದಳ್ಳಾಳಿಯ ಬೆರಳಿಲ್ಲದೆ ಒಂದು ಕರುವನ್ನೂ ಕೊಂಡವರಲ್ಲ.

ಮೂರನೆಯ ಸಂಜೆ ಅವನೂ ಕಲ್ಲಿನ ಮೇಲೆ ಕೂತ.

“ಎತ್ತು ಎಲ್ಲಿದೆ?”

“ಚನ್ನಪಟ್ಟಣದ ಕಡೇದು. ಸಾಧು. ಹಾಯಲ್ಲ, ಒದೆಯಲ್ಲ,” ಎಂದರು ಪೀರ್ ಸಾಬ್.

“ಒಸಿ ಮಂಕು,” ಎಂದರು ಬೋರಲಿಂಗಯ್ಯ.

“ಮಂಕಲ್ಲ ಕಣ್ಲಾ, ತಾಳ್ಮೆ. ಹಲ್ಲು ನೋಡ್ಲಿಲ್ವಾ ನೀನು?”

“ಹಲ್ಲು ಗಟ್ಟಿ ಅವೆ. ನಡಿಯೋವಾಗ ಎಡಕ್ಕೆ ಎಳೀತದೆ.”

“ಒಂಟಿ ಎತ್ತು ಎಲ್ಲಾ ಹಂಗೇಯ. ಜೋಡಿ ಕಟ್ಟಿದ್ರೆ ಸರೋಯ್ತದೆ.”

ಪೀರ್ ಸಾಬ್ ಜಯಕುಮಾರನ ಕೈಯನ್ನು ಟವಲಿನ ಕೆಳಗೆ ಎಳೆದುಕೊಂಡು ಲೆಕ್ಕ ಕಲಿಸಿದರು. ಒಂದು ಬೆರಳು ಹಿಡಿದರೆ ನೂರು. ಅಂಗೈ ಒತ್ತಿದರೆ ಒಪ್ಪಿಗೆ. “ಇವ್ನು ಐನೂರು ಅಂತಾನೆ. ನಾನು ಮುನ್ನೂರು ಬುಟ್ಟು ಏಳಲ್ಲ.”

“ಮುನ್ನೂರು ರೂಪಾಯಿಗೆ ಎತ್ತಾ?”

“ರೂಪಾಯಿ ಅಂದೋರ್ಯಾರು?”

ಬೋರಲಿಂಗಯ್ಯ ಅವನ ಕಂಕುಳಲ್ಲಿದ್ದ ನಕ್ಷೆಯ ಸುರುಳಿ ನೋಡಿದರು. “ಇದು ನಮ್ಮಿಬ್ರದೂ ಕೊನೇ ವ್ಯಾಪಾರ ಸ್ವಾಮಿ. ಇನ್ನೂ ಕುದುರಿಲ್ಲ. ಕಲ್ಲು ಕಿತ್ತಾಕಿ ಒಬ್ಬೊಬ್ರೇ ಕೂರೋ ಕುರ್ಚಿ ಹಾಕ್ತೀರಂತೆ. ಅದ್ರಲ್ಲಿ ಟವಲ್ ಎಲ್ಲಿ ಹಾಸಣ?”

ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಕೂತ ಕಲ್ಲು ಇನ್ನೂ ಬೆಚ್ಚಗಿತ್ತು.

ಶನಿವಾರ ನಕ್ಷೆ ತಿದ್ದಿದ. ಪಥ ಕಲ್ಲಿನ ಬಳಿ ಬಂದು ಸ್ವಲ್ಪ ಎಡಕ್ಕೆ ಎಳೆದು ಮುಂದೆ ಹೋಯಿತು. ದೂರಿನ ಕಡತದಲ್ಲಿ ಬರೆದ: ‘ಮೂರು ಸಂಜೆ ಪರಿಶೀಲಿಸಲಾಗಿದೆ. ಅಕ್ರಮ ಕಂಡುಬಂದಿಲ್ಲ. ಎತ್ತೂ ಕಂಡುಬಂದಿಲ್ಲ. ಕಲ್ಲನ್ನು ಉಳಿಸಿಕೊಳ್ಳಬಹುದು. ಅರ್ಜಿದಾರರ ವಿಳಾಸವಿಲ್ಲದ ಕಾರಣ ಉತ್ತರ ಕಳಿಸಿಲ್ಲ.’

ಭಾನುವಾರ ಅಪ್ಪ ಬಸ್ಸಿಳಿದು ಅವನ ರೂಮಿಗೆ ಬಂದರು. “ಇಸ್ತ್ರಿ ಮಾಡಿರೋ ಅಂಗಿ ಹಾಕ್ಕ. ಒಂದು ಮನೆಗೆ ಹೋಗ್ಬರಣ,” ಎಂದರು. ಏಕೆಂದು ಹೇಳಲಿಲ್ಲ. ಅವನು ಅಂಗಿ ಬದಲಾಯಿಸಿದ.

ಪಾರ್ಕಿನ ಹಿಂದಿನ ಬೀದಿ. ಜಗಲಿಯ ಮೇಲೆ ಇಬ್ಬರು ಕೂತಿದ್ದರು. ಕೆಂಪು ಚೌಕಳಿ ಟವಲ್ ಮಡಚಿ ಪೀರ್ ಸಾಬರ ಹೆಗಲ ಮೇಲಿತ್ತು. ಅಪ್ಪ ಅವರಿಗೆ ಕೈಮುಗಿದರು, ಬಹಳ ಹಳೆಯ ಗುರುತಿನವರಿಗೆ ಮುಗಿಯುವ ಹಾಗೆ.

“ನಿನ್ನೆ ಸಂಜೆ ಕುದುರ್ತು ಗೌಡ್ರೆ,” ಎಂದರು ಪೀರ್ ಸಾಬ್. “ಮದುವೆ ಊಟಕ್ಕೆ ನಾನೂರು ಎಲೆ. ಅದಕ್ಕಿಂತ ಕೆಳಗೆ ಇವ್ನು ಇಳೀಲಿಲ್ಲ. ಇನ್ನು ಹುಡ್ಗ ಹುಡ್ಗಿ ಒಪ್ಪಿದ್ರೆ ಆಯ್ತು.”

ಜಯಕುಮಾರ್ ಒಳಕ್ಕೆ ಹೆಜ್ಜೆಯಿಟ್ಟ. ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಇತ್ತು.

“ನನ್ ಮೊಮ್ಮಗ್ಳು, ಸೌಮ್ಯ,” ಎಂದರು ಬೋರಲಿಂಗಯ್ಯ.

ಅವಳು ಕಾಫಿ ಲೋಟ ಮುಂದೆ ಚಾಚಿ, ಅವನಿಗಷ್ಟೇ ಕೇಳುವಂತೆ ಹೇಳಿದಳು: “ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.”