ಸೀರೆಗೆ ಹೊಂದದ ಪದಕ

"ಇದನ್ನ ನೀವೇ ಇಟ್ಕೊಳ್ಳಿ," ಎಂದು ಅನುಸೂಯಮ್ಮ ಪದಕವನ್ನು ಮೇಜಿನ ಮೇಲೆ ಎಸೆದರು. ಗಿರಾಕಿಗಳು ಹೀಗೆ ಒಡವೆ ವಾಪಸ್ ತಂದದ್ದು ಇದು ಮೂರನೇ ಸಲ.

ಭೀಮರಾಜ್ ಅದನ್ನೆತ್ತಿ ಭೂತಗನ್ನಡಿಯ ಕೆಳಗೆ ಹಿಡಿದ. ಹಿತ್ತಾಳೆಯಲ್ಲಿ ಕೊರೆದ ಎಲೆಬಳ್ಳಿ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅದರೊಳಗೆ ತುಂಬಿದ ಬಣ್ಣದಲ್ಲಿ ಒಂದೇ ಒಂದು ಗುಳ್ಳೆಯೂ ಇರಲಿಲ್ಲ.

"ಏನಾಗಿದೆಯಮ್ಮಾ ಇದಕ್ಕೆ?"

"ಬಣ್ಣ ನೋಡ್ರೀ!" ಅವರು ಚೀಲದಿಂದ ರೇಷ್ಮೆ ಸೀರೆ ತೆಗೆದು, ಅಂಚಿನ ಬಳ್ಳಿಯ ಪಕ್ಕಕ್ಕೆ ಪದಕವನ್ನಿಟ್ಟರು.

ಭೀಮರಾಜ್ ಬಗ್ಗಿ ನೋಡಿದ. "ಸರಿಯಾಗೇ ಇದೆಯಲ್ಲ."

"ತಮಾಷೆ ಮಾಡ್ತಿದ್ದೀರಾ? ಮದುವೆ ಮನೇಲಿ ಮಗಳ ಕೊರಳಿಗೆ ಇದನ್ನ ಹಾಕಿ ನಾನು ನಗೆಪಾಟಲಾಗ್ಲಾ?"

ಸೀರೆ ಮಡಚಿಕೊಂಡು ಅವರು ಹೊರಟೇಬಿಟ್ಟರು. ದೊಡ್ಡಬಳ್ಳಾಪುರದಲ್ಲಿ ಅವರದು ಹೆಸರಾಂತ ಸೀರೆ ಅಂಗಡಿ. ಈ ಪದಕ ಒಪ್ಪಿಗೆಯಾಗಿದ್ದರೆ ಅಂಗಡಿಯ ಸೀರೆಗಳಿಗೆಲ್ಲ ಜೋಡಿ ಪದಕ ಮಾಡುವ ಕೆಲಸ ಇವನಿಗೇ ಸಿಗುತ್ತಿತ್ತು.

ಕಾರ್ಖಾನೆಯ ಕೆಲಸ ಬಿಟ್ಟು, ಹಿತ್ತಾಳೆ ಒಡವೆ ಮಾಡಲು ಈ ಪುಟ್ಟ ಮಿಲ್ಲಿಂಗ್ ಮೆಷಿನ್ ತಂದು ಮೇಜಿನ ಮೇಲಿಟ್ಟವನು ಭೀಮರಾಜ್. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು, ಲೋಹ ಕೊರೆಯುವುದು, ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ಒಣಗಿ ಗಟ್ಟಿಯಾಗುವ ರೆಸಿನ್ ಅಂಟಿಗೆ ಬಣ್ಣ ಬೆರೆಸಿ ಕೊರೆದ ಗುಳಿಗಳಿಗೆ ತುಂಬುವುದನ್ನು ಮಾತ್ರ ತಂಗಿ ಪ್ರಮೋದಾ ಮಾಡುತ್ತಿದ್ದಳು. ಬೋರ್ಡಿನಲ್ಲಿ ತನ್ನ ಹೆಸರೂ ಇರಲಿ ಎಂದು ಅವಳು ಕೇಳಿದ್ದಳು.

"ಬಣ್ಣ ತುಂಬೋದೂ ಒಂದು ಕೆಲಸಾನಾ? ಯಾರು ಬೇಕಾದ್ರೂ ಮಾಡ್ತಾರೆ," ಎಂದುಬಿಟ್ಟಿದ್ದ ಇವನು. ಅದಾಗಿ ವಾರಕ್ಕೆ ಅವಳ ಮದುವೆ. ನೆಲಮಂಗಲಕ್ಕೆ ಹೋದವಳು ಮತ್ತೆ ಮೆಷಿನ್ನಿನ ಕಡೆ ತಲೆ ಹಾಕಿರಲಿಲ್ಲ.

ಆಮೇಲೆ ಶುರುವಾಯಿತು ಈ ಕಾಟ. ಮೊದಲು ಒಬ್ಬ ಟೀಚರ್ ಓಲೆ ವಾಪಸ್ ಕೊಟ್ಟರು. ಆಮೇಲೆ ಒಬ್ಬರು ಉಂಗುರ ತಂದು ಬಿಸಾಕಿದರು. ಈಗ ಅನುಸೂಯಮ್ಮ. ಎಲ್ಲರದೂ ಒಂದೇ ರಾಗ, ಬಣ್ಣ. ಬಾಯಿಪಾಠ ಮಾಡಿಸಿ ಕಳಿಸಿದ ಹಾಗೆ.

"ಒಂದ್ಸಲ ಪ್ರಮೋದಾಗೆ ತೋರ್ಸಪ್ಪ," ಎಂದಳು ತಾಯಿ ದ್ಯಾವಮ್ಮ, ಒಳಗಿನಿಂದ.

ಅಲ್ಲಿಗೆ ಅವನ ತಲೆ ಕೆಟ್ಟಿತು. ಪದಕವನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡ.

ಪ್ರಮೋದಾ ಮನೆಯ ಜಗಲಿಯಲ್ಲಿ ರವಿಕೆ ಹೊಲಿಯುತ್ತಿದ್ದಳು.

"ಯಾರ್ಯಾರಿಗೆ ಫೋನ್ ಮಾಡಿ ಕೆಲಸ ಸರಿಯಿಲ್ಲ ಅಂತ ಹೇಳ್ಕೊಟ್ಟೆ? ನನ್ನ ಹೊಟ್ಟೆ ಮೇಲೆ ಹೊಡೀತಿದೀಯಲ್ಲ, ನಿಂಗೇನು ಬಂತೇ ಇದ್ರಿಂದ?"

"ಯಾರಿಗೂ ಹೇಳಿಲ್ಲಣ್ಣ. ಏನಾಯ್ತು?"

"ಸೀರೆ ಅಂಚಿನ ಬಳ್ಳಿಗೆ ಇದ್ರ ಬಣ್ಣ ಹೊಂದಲ್ಲ ಅಂತ ಅನುಸೂಯಮ್ಮ ಬಿಸಾಕಿ ಹೋದ್ರು," ಎಂದು ಅವನು ಪದಕವನ್ನು ಅವಳ ಮಡಿಲಿಗೆ ಎಸೆದ. ಅವಳು ಅದನ್ನು ಒಮ್ಮೆ ನೋಡಿದಳಷ್ಟೆ, ಹೊಲಿಗೆ ಮೆಷಿನ್ ನಿಂತಿತು.

"ಬಣ್ಣ ನೀನೇ ಹಾಕಿದ್ಯಾ?"

"ಇನ್ಯಾರು ಹಾಕ್ತಾರೆ?"

"ಬಾಟ್ಲಿ ಮೇಲೆಲ್ಲ ಹೆಸರು ಬರ್ದು ಚೀಟಿ ಅಂಟ್ಸಿ ಬಂದಿದ್ನಲ್ಲಣ್ಣ."

"ರೆಸಿನ್ ಮೆತ್ಕೊಂಡು ಗಲೀಜಾಗಿತ್ತು, ಕಿತ್ತು ಹಾಕ್ದೆ. ಬಣ್ಣ ಗುರುತು ಹಿಡಿಯೋಕೂ ಚೀಟಿ ಬೇಕಾ?"

ಪ್ರಮೋದಾ ರವಿಕೆಯನ್ನು ಪಕ್ಕಕ್ಕಿಟ್ಟಳು. "ಸ್ಕೂಲಲ್ಲಿ ನೀನು ಬರ್ದ ಚಿತ್ರಕ್ಕೆಲ್ಲ ನಾನೇ ಬಣ್ಣ ಹಾಕ್ತಿದ್ದೆ, ನೆನಪಿದ್ಯಾ?"

"ನಂಗೆ ಬೇಜಾರು, ನಿಂಗೆ ಇಷ್ಟ. ಹಾಕ್ತಿದ್ದೆ. ಅದಕ್ಕೇನೀಗ?"

"ಇಷ್ಟಕ್ಕಲ್ಲ. ಅಮ್ಮ ಹೇಳಿದ್ಳು. ಅವ್ನಿಗೆ ಗೊತ್ತಾದ್ರೆ ನೊಂದ್ಕೋತಾನೆ, ಜೊತೇಲಿದ್ದು ನೋಡ್ಕೋ ಅಂತ."

"ಏನು ಗೊತ್ತಾದ್ರೆ?"

ಅವಳು ದಾರದ ಡಬ್ಬಿಗೆ ಕೈ ಹಾಕಿ ಎರಡು ಉಂಡೆ ತೆಗೆದು, ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಇಟ್ಟುಕೊಂಡಳು.

"ಅನುಸೂಯಮ್ಮೋರ ಸೀರೆ ಬಳ್ಳಿಗೆ ಇದ್ರಲ್ಲಿ ಯಾವ್ದು ಹೊಂದುತ್ತೆ? ತೋರ್ಸಣ್ಣ."

ಭೀಮರಾಜನಿಗೆ ರೇಗಿಹೋಯಿತು. "ಯಾವ್ದೋ ಒಂದು ತಗೋ! ಎರಡೂ ಒಂದೇ ಬಣ್ಣ ಅಲ್ವೇನೇ?"

ಪ್ರಮೋದಾಳ ಒಂದು ಅಂಗೈಯಲ್ಲಿ ಇದ್ದದ್ದು ಹಸಿರು ದಾರ, ಇನ್ನೊಂದರಲ್ಲಿ ಕೆಂಪು.