ಕುರೊಶಿಯೊ ತಂಡದ ದ್ರೋಹಿ

ಇಸೋಬೆ ತ್ಸುಕುದನ ಚೀಲವನ್ನು ವಸತಿಗೃಹದ ಜಗಲಿಯಿಂದ ಬೀದಿಗೆ ಎಸೆದ. ಕೈಗವಸು, ಒಗೆದು ಮಡಿಚಿಟ್ಟ ಅಂಗಿ ಕೆಸರಿಗೆ ಬಿದ್ದವು.

"ಕ್ಯಾಪ್ಟನ್, ನನ್ನ ಮಾತು ಸ್ವಲ್ಪ ಕೇಳಿ. ಅದಕ್ಕೇ ನಿಮ್ಮ ಕೋಣೆಗೆ ಬಂದೆ," ಎಂದ ತ್ಸುಕುದ.

"ಹೇಳೋದನ್ನೆಲ್ಲ ನಾಗೋಯಾದವರಿಗೆ ಹೇಳಿ ಮುಗಿಸಿದ್ದೀಯಲ್ಲ. ನಡಿ."

ಉಳಿದ ಆಟಗಾರರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಚೀಲ ಎತ್ತಿಕೊಡಲಿಲ್ಲ. ಒಬ್ಬ ಉಗುಳಿದ.

ಕುರೊಶಿಯೊ ಎಂಬುದು ಶಿಮಿಝು ಬಂದರಿನ ಮೊದಲ ಸಂಬಳದ ಬೇಸ್‌ಬಾಲ್ ತಂಡ. ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ವಿಶ್ವವಿದ್ಯಾಲಯದವರು ಮಾನಕ್ಕಾಗಿ ಆಡುವ ಆಟವನ್ನು ಇವರು ಹೊಟ್ಟೆಪಾಡಿಗೆ ಆಡುತ್ತಾರೆಂದು ಊರೇ ಮೂಗು ಮುರಿಯುತ್ತಿತ್ತು. ಮೈದಾನಕ್ಕೆ ಬರುತ್ತಿದ್ದ ಕೆಲವೇ ಜನರೂ ಕೋತಿಗಳೆಂದು ಹಂಗಿಸಲು ಬರುತ್ತಿದ್ದರು. ಇಸೋಬೆ ರೈಲ್ವೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವನು. ಚೆಂಡು ಎಸೆಯುವ ತ್ಸುಕುದ ಓದು ಬಿಟ್ಟು ಬಂದಾಗ ಅವನಪ್ಪ ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದ. ಈ ಸಲ ಕೊನೆಯ ಸ್ಥಾನಕ್ಕೆ ಇಳಿದರೆ ತಂಡವನ್ನೇ ಮುಚ್ಚುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು.

ಆದರೂ ಸೋಲು ನಿಲ್ಲಲಿಲ್ಲ. ಇಸೋಬೆ ಕ್ಯಾಪ್ಟನ್ ಅಷ್ಟೇ ಅಲ್ಲ, ಕ್ಯಾಚರ್ ಕೂಡ. ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು, ನೇರ ಚೆಂಡು ಬೇಕೋ ತಿರುಗುವ ಚೆಂಡು ಬೇಕೋ ಎಂದು ತೊಡೆಗಳ ಮರೆಯಲ್ಲಿ ಎಸೆತಗಾರನಿಗೆ ಬೆರಳ ಸನ್ನೆ ತೋರಿಸುತ್ತಿದ್ದ. ನಾಗೋಯಾದ ಹಾಯಾಬುಸಾ ತಂಡದವರು ಯಾವುದು ಬರುತ್ತದೆಂದು ಮೊದಲೇ ಗೊತ್ತಿದ್ದವರಂತೆ ಬಾರಿಸುತ್ತಿದ್ದರು.

ಒಮ್ಮೆ ಇಸೋಬೆಗೆ ಜ್ವರ ಬಂತು. ಅವನ ಜಾಗಕ್ಕೆ ಇನ್ನೊಬ್ಬ ಬಂದ; ಆಟದ ಬೆಳಿಗ್ಗೆಯೇ ಅವಸರದಲ್ಲಿ ಸನ್ನೆಗಳನ್ನೆಲ್ಲ ಬದಲಿಸಿದರು. ಅಂದು ಹಾಯಾಬುಸಾದ ಮೇಲೆ ಕುರೊಶಿಯೊ ಗೆದ್ದಿತು. ಹಾಸಿಗೆಯಲ್ಲಿದ್ದ ಇಸೋಬೆಗೆ ಬೇರೆ ಪುರಾವೆ ಬೇಕಿರಲಿಲ್ಲ. ಒಳಗಿನವನೇ ಯಾರೋ ಸನ್ನೆ ಮಾರುತ್ತಿದ್ದಾನೆ. ಈ ಸಲ ಹೊಸ ಸನ್ನೆ ಮಾರಲು ಅವನಿಗೆ ಸಮಯ ಸಿಕ್ಕಿಲ್ಲ.

ಮರುವಾರ ನಾಗೋಯಾದಲ್ಲಿ, ಇಸೋಬೆ ಮರಳಿ ಬಂದು ಆಡಿಯೂ ಸೋತ ಸಂಜೆ, ತ್ಸುಕುದ ಒಂದು ನೂಡಲ್ ಅಂಗಡಿಯಲ್ಲಿ ಹಾಯಾಬುಸಾದ ದಾಂಡಿಗನಿಗೆ ಸಾಕೆ ಎಂಬ ಅಕ್ಕಿಮದ್ಯ ಬಗ್ಗಿಸಿ ಕೊಡುತ್ತಾ ತಲೆಗೆ ತಲೆ ಹಚ್ಚಿ ಮಾತಾಡುತ್ತಿದ್ದುದನ್ನು ತಂಡದವರು ಕಂಡರು. ಆ ಸಂಜೆಯೇ ಚೀಲ ಬೀದಿಗೆ ಬಿತ್ತು.

ತ್ಸುಕುದನಿಗೆ ಮನೆಗೆ ಹೋಗುವ ಹಾಗಿರಲಿಲ್ಲ. ತಿಂಗಳೊಳಗೆ ಹಾಯಾಬುಸಾದವರೇ ಅವನನ್ನು ಸೇರಿಸಿಕೊಂಡರು. ನೋಡಿದಿರಾ ಎಂದು ಇಸೋಬೆ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ.

ಋತುವಿನ ಕೊನೆಯ ಆಟ ಅದೇ ತಂಡದ ಮೇಲೆ. ಇಸೋಬೆ ಹೊಸ ಸನ್ನೆಗಳನ್ನು ಕಟ್ಟಿದ. ಅವು ಅವನಿಗೆ ಮತ್ತು ಹೊಸ ಎಸೆತಗಾರನಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಆದರೂ ತಿರುಗುವ ಚೆಂಡು ಬಂದಾಗಲೆಲ್ಲ ಹಾಯಾಬುಸಾದವರು ಕಾದಿದ್ದು ಹೊಡೆದರು. ಕೊನೆಯ ಹೊಡೆತ ತ್ಸುಕುದನದೇ. ಕುರೊಶಿಯೊ ಕೊನೆಯ ಸ್ಥಾನಕ್ಕೆ ಇಳಿಯಿತು. ಮಾಲೀಕರು ಯಾರ ಮುಖವನ್ನೂ ನೋಡದೆ ಎದ್ದು ಹೋದರು.

ಇಸೋಬೆ ಓಡಿ ಹೋಗಿ ತ್ಸುಕುದನ ಕೊರಳಪಟ್ಟಿ ಹಿಡಿದ.

"ಈ ಸಲ ಯಾರನ್ನ ಕೊಂಡ್ಕೊಂಡೆ? ಹೇಳೋ ನಾಯಿ."

ತ್ಸುಕುದ ಬಿಡಿಸಿಕೊಳ್ಳಲಿಲ್ಲ.

"ನಿಮ್ಮ ಸನ್ನೆ ಯಾರಿಗೂ ಯಾವತ್ತೂ ಬೇಕಾಗ್ಲಿಲ್ಲ ಕ್ಯಾಪ್ಟನ್. ತಿರುಗೋ ಚೆಂಡು ಕೇಳುವಾಗ ನಿಮ್ಮ ಬಲಗಾಲಿನ ಹಿಮ್ಮಡಿ ನೆಲ ಬಿಡುತ್ತೆ. ನಮ್ಮ ಕುರೊಶಿಯೊದೋರು ಚೆಂಡು ನೋಡ್ತಾರೆ, ನಿಮ್ಮ ಕಾಲು ಯಾರು ನೋಡ್ತಾರೆ? ಈ ಹಾಯಾಬುಸಾ ಬೆಂಚಿನೋರು ಅದನ್ನ ನೋಡಿ, ಹಂಗಿಸೋ ಕೂಗಲ್ಲೇ ದಾಂಡಿಗನಿಗೆ ಸುಳಿವು ಕೊಡ್ತಿದ್ರು."

ಇಸೋಬೆಯ ಹಿಡಿತ ಸಡಿಲವಾಯಿತು.

"ಆ ನೂಡಲ್ ಅಂಗಡಿಲಿ ಇವರ ದಾಂಡಿಗನಿಗೆ ಸಾಕೆ ಕುಡಿಸಿ ಈ ಗುಟ್ಟು ಹೊರಡಿಸ್ಕೊಂಡು, ಅವತ್ತು ಸಂಜೆ ನೆಟ್ಟಗೆ ನಿಮ್ಮ ಕೋಣೆಗೇ ಬಂದಿದ್ದೆ."