ಗುಂಡನೆಯ ಉಂಡಿ

ಗಾಂಧಿ ಚೌಕದಲ್ಲಿ ಪಂದ್ಯ ಕಟ್ಟಿ ಮೂರು ದಿನದಿಂದ ನೆಲಕ್ಕೆ ಕಾಲೂರದೆ ಸೈಕಲ್ ತುಳಿಯುತ್ತಿದ್ದ ಸಿದ್ದರಾಯನ ಕೈಗೆ, ಜೊತೆಗೇ ಓಡುತ್ತ ಸೋದರಮಾವ ಶಂಕ್ರೆಪ್ಪ ಶೇಂಗಾ ಉಂಡಿ ಇಟ್ಟ. ಉಂಡಿ ನುಣ್ಣಗೆ ಗುಂಡಗಿತ್ತು. ಮಗ ಒಂದೇ ಕೈಲಿ ಹಿಡಿದು ತಿನ್ನಲೆಂದು, ಬಬಲೇಶ್ವರದಿಂದ ಅವ್ವ ಅದನ್ನು ಮುಷ್ಟಿಯಲ್ಲಿ ಉದ್ದಕ್ಕೆ ಒತ್ತಿ ಕಳಿಸುತ್ತಿದ್ದಳು. ಉಂಡಿಯ ಮೈಮೇಲೆ ಅವಳ ಬೆರಳಿನ ಗುರುತು ಇದ್ದೇ ಇರುತ್ತಿತ್ತು.

“ಇದನ್ನ ಯಾರು ಕಟ್ಟ್ಯಾರ, ಮಾವಾ?”

“ಬಾಜೂಮನಿ ಕಾಳವ್ವ. ನಿಮ್ಮವ್ವಗ ಜ್ವರ ಬಂದಾವ. ತಿನ್ನಲೇ, ಇನ್ನೊಂದಿನ ತುಳಿದ್ರ ಗೆದ್ದಿ.”

ಜ್ವರದಾಗೂ ಈ ಕೆಲಸ ಬ್ಯಾರೇದವರ ಕೈಗೆ ಬಿಟ್ಟವಳಲ್ಲ ಅವ್ವ.

“ನಮ್ಮ ಮನ್ಯಾಗ ಒಲಿ ಹಚ್ಚಿಲ್ಲೇನು?”

ಶಂಕ್ರೆಪ್ಪ ಓಡುವುದನ್ನು ನಿಲ್ಲಿಸಿಬಿಟ್ಟ. ಸಿದ್ದರಾಯ ಒಂದು ಸುತ್ತು ಹಾಕಿ ಮತ್ತೆ ಅವನ ಮುಂದೆ ಬಂದ.

“ಅವ್ವನ್ನ ಮಣ್ಣ ಮಾಡಿ ಬಂದ್ರೇನು, ನನಗೊಂದು ಮಾತ ಹೇಳಲಾರದ?”

ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಸಿದ್ದರಾಯ ಕಾಲು ಕೆಳಗಿಟ್ಟ. “ಸೋತ” ಎಂದು ಜನ ಕೇಕೆ ಹಾಕಿದರು.